ದಾರ ಹಿಡಿಯುವ ದಿನ

"ಒಂದಿಂಚು ಬಿಚ್ಚಲೇಬೇಕು ಮೌಳಿಯವ್ರೇ. ಇಲ್ಲಾಂದ್ರೆ ಗುಂಡಿ ನಿಲ್ಲಲ್ಲ," ಅಂದರು ಬುಡನ್ ಸಾಬ್ರು, ತುಟಿಯಲ್ಲಿ ಕಚ್ಚಿಕೊಂಡಿದ್ದ ಸೂಜಿಯನ್ನು ತೆಗೆಯದೆ.

"ಮೆಲ್ಲಗೆ ಸಾಬ್ರೇ, ಮೆಲ್ಲಗೆ," ಅಂದೆ. ಟೈಲರ್ ಅಂಗಡಿಯ ಹೊರಗೆ ಇಬ್ಬರು ಬೀಡಿ ಸೇದುತ್ತಾ ನಿಂತಿದ್ದರು. "ಇನ್ನೊಂದು ಸಲ ಅಳೆದು ನೋಡಿ. ನಿಮ್ಮ ಟೇಪು ಹಳೇದು, ಎಳೆದುಕೊಂಡು ಉದ್ದ ಆಗಿರಬೇಕು."

"ಟೇಪು ಉದ್ದ ಆದ್ರೆ ಅಳತೆ ಕಮ್ಮಿ ಬರ್ತದೆ ಸ್ವಾಮಿ, ಜಾಸ್ತಿ ಬರಲ್ಲ. ಇಷ್ಟು ಗೊತ್ತಿಲ್ದೆ ನೀವು ತೆರಿಗೆ ಸಲಹೆಗಾರರು!" ಸಾಬ್ರು ಸೂಜಿ ತೆಗೆದು ಅಂಗಿಯ ಕಾಲರಿಗೆ ಚುಚ್ಚಿಕೊಂಡರು. ಇನ್ನು ನಿಜವಾಗಿ ಮಾತಾಡುತ್ತಾರೆ ಅಂತ ಅರ್ಥ. "ಈ ನಲ್ಲಿ ವ್ಯಾಪಾರ ಬಿದ್ದಾಗಿಂದ ಲೆಕ್ಕದೋರ ಅಂಗಿ ಒಳಕ್ಕೆ ಹಿಡಿದಿದ್ದೇ ಹಿಡಿದಿದ್ದು. ಬಿಚ್ಚಿ ಹೊಲಿಯೋದು ಕೈಗೆ ಮರೆತುಹೋಗಿದೆ. ನಿಜ ಹೇಳಿ, ಯಾರ ಲಾಭ ಇದು?"

"ಯಾರದೂ ಅಲ್ಲ. ಗಾಳಿ ತುಂಬಿಕೊಂಡಿರಬೇಕು. ನಿನ್ನೆ ಅವರೆಕಾಳು ತಿಂದಿದ್ದೆ."

"ಅವರೆಕಾಳು!" ಅಂದರು ಸಾಬ್ರು. ಹೊರಗಿನ ಇಬ್ಬರೂ ಬೀಡಿ ಕೆಳಗಿಳಿಸಿ ಒಳಗೆ ಇಣುಕಿದರು.

ಅವರು ನಂಬದಿದ್ದುದರಲ್ಲಿ ತಪ್ಪಿಲ್ಲ. ನಮ್ಮೂರಲ್ಲಿ ಲೆಕ್ಕ ಬರೆಯುವವನ ಹೊಟ್ಟೆಗೂ ಅವರೆಕಾಳಿಗೂ ಯಾವ ಕಾಲಕ್ಕೂ ಸಂಬಂಧವಿಲ್ಲ. ಯಾರ ಲೆಕ್ಕ ನಾವು ಬರೆಯುತ್ತೇವೋ ಅವರ ಲಾಭ ನಮ್ಮ ಮೈಗೆ ಹತ್ತುತ್ತದೆ, ಅವರ ನಷ್ಟಕ್ಕೆ ನಮ್ಮ ಮೈ ಇಳಿಯುತ್ತದೆ. ನಾವು ತುಪ್ಪ ತಿಂದರೂ ಅಷ್ಟೆ, ಉಪವಾಸ ಮಾಡಿದರೂ ಅಷ್ಟೆ. ಡಾಕ್ಟರ ಹತ್ತಿರ ಹೋದರೆ ಏನು ತಿಂದಿರಿ ಅಂತ ಕೇಳುವುದಿಲ್ಲ, ಗಿರಾಕಿಗಳು ಯಾರ್‍ಯಾರು ಅಂತ ಕೇಳುತ್ತಾರೆ. ಗಿರಾಕಿ ಬೇಸರವಾಗಿ ಕೈ ಮುಂದೆ ಚಾಚಿ "ನನ್ನ ಲೆಕ್ಕ ನನಗೆ ಬಂತು" ಅಂದುಬಿಟ್ಟರೆ, ಅವನು ಮೆಟ್ಟಿಲಿಳಿದು ಬೀದಿಗೆ ಬೀಳುವಷ್ಟರಲ್ಲಿ ನಮ್ಮ ಪಂಚೆ ಸಡಿಲವಾಗಿರುತ್ತದೆ.

ನಮ್ಮದು ಹಿತ್ತಾಳೆ ನಲ್ಲಿಯ ಊರು. ಬೀದಿಗೊಂದು ಫೌಂಡ್ರಿ, ಫೌಂಡ್ರಿಗೊಬ್ಬ ಲೆಕ್ಕದವನು. ನನ್ನ ಒಳ್ಳೆಯ ಕಾಲದಲ್ಲಿ ನಾನು ಬೀದಿಯಲ್ಲಿ ಬಂದರೆ ಎತ್ತಿನ ಗಾಡಿಯವನು ಪಕ್ಕಕ್ಕೆ ಹೊಡೆದು ನಿಲ್ಲಿಸುತ್ತಿದ್ದ. ಬ್ಯಾಂಕಿನ ಮ್ಯಾನೇಜರು ಗಿರಾಕಿಯ ಕಾಗದ ಓದುವ ಮೊದಲು ಎದ್ದು ಬಂದು ನನ್ನ ಹೊಟ್ಟೆಯನ್ನು ಎರಡು ಸಲ ತಟ್ಟುತ್ತಿದ್ದರು, ಹಲಸಿನಹಣ್ಣು ಕೊಳ್ಳುವವರ ಹಾಗೆ. ಸದ್ದು ಸರಿಯಿದ್ದರೆ ಸಾಲ ಮಂಜೂರು. ಅದೆಲ್ಲ ನನ್ನ ಬುದ್ಧಿಯ ಫಲ ಅಂತ ನಾನು ತಿಳಿದುಕೊಂಡಿದ್ದೆ. ಲೆಕ್ಕದವರ ಸಂಘದಲ್ಲಿ ಭಾಷಣ ಬೇರೆ ಮಾಡುತ್ತಿದ್ದೆ.

ಆಮೇಲೆ ಪ್ಲಾಸ್ಟಿಕ್ ನಲ್ಲಿ ಬಂತು. ಫೌಂಡ್ರಿಗಳು ಒಂದೊಂದೇ ಒಲೆ ಆರಿಸಿದವು. ಮೊದಮೊದಲು ಗಿರಾಕಿಗಳು ಫೀಸು ಮುಂದಿನ ತಿಂಗಳು ಅಂದರು. ಆಮೇಲೆ ಟೀ ಕುಡಿಸಿ ಕಳಿಸಿದರು. ಆಮೇಲೆ ಫೀಸಿನ ಬದಲು ನಲ್ಲಿಯನ್ನೇ ಕೊಟ್ಟರು. ನಮ್ಮ ಮನೆಯಲ್ಲಿ ಬಾಗಿಲಿಗೆ ಅಡ್ಡ ಇಡುವುದೂ ನಲ್ಲಿ, ಕಾಗದ ಹಾರದಂತೆ ಇಡುವುದೂ ನಲ್ಲಿ. ಇಷ್ಟಾದರೂ ಅವರೆಲ್ಲ ಬಂದು ಕೂತು, "ಹೇಗಾದರೂ ಮಾಡಿ ತೆರಿಗೆ ಉಳಿಸಿಕೊಡಿ ಮೌಳಿಯವರೇ" ಅನ್ನುತ್ತಿದ್ದರು. ಲಾಭವೇ ಇಲ್ಲದವನಿಗೆ ತೆರಿಗೆ ಉಳಿಸುವ ಉಪಾಯ ಹೇಳುವುದು ಕೆರೆ ಬತ್ತಿದ ಮೇಲೆ ಈಜು ಕಲಿಸಿದ ಹಾಗೆ. ಆದರೂ ಹೇಳಿದೆ. ಗಂಟೆಗಟ್ಟಲೆ ಹೇಳಿದೆ. ಸಲಹೆಗಾರನಿಗೆ ಸಲಹೆ ಅನ್ನುವುದು ಕೆಮ್ಮು ಇದ್ದ ಹಾಗೆ, ತಡೆದುಕೊಳ್ಳಲು ಆಗುವುದಿಲ್ಲ.

ನಮ್ಮ ಸಂಘದ ದೊಡ್ಡ ದೊಡ್ಡ ಕುರ್ಚಿಗಳಲ್ಲಿ ಈಗ ಒಂದೊಂದಕ್ಕೆ ಇಬ್ಬಿಬ್ಬರು ಕೂರುತ್ತಾರೆ. ಹಿರಿಯರಾದ ನಾಗಭೂಷಣಯ್ಯನವರಂತೂ ಗಾಳಿಯ ದಿನ ಸಂತೆಗೆ ಹೋಗುವಾಗ ಜೇಬಿನಲ್ಲಿ ತೂಕದ ಕಲ್ಲು ಇಟ್ಟುಕೊಳ್ಳುತ್ತಾರೆ. ನನಗೆ ಉಳಿದಿದ್ದ ಗಿರಾಕಿ ಒಬ್ಬನೇ, ಮರಿಸಿದ್ದಪ್ಪ. ಅವನ ಫೌಂಡ್ರಿ ವಾರಕ್ಕೆ ಮೂರು ದಿನ ನಡೆಯುತ್ತಿತ್ತು, ನಷ್ಟದಲ್ಲಿ. ಅವನ ಲೆಕ್ಕ ಬರೆಯುವವನು ನಾನೇ ಆದ್ದರಿಂದ ನಷ್ಟ ಅನ್ನುವುದು ನನಗೆ ಖಚಿತವಾಗಿ ಗೊತ್ತು. ಅಂಥ ಹೊತ್ತಿನಲ್ಲಿ ನನ್ನ ಹೊಟ್ಟೆ ಬೆಳೆಯತೊಡಗಿತ್ತು.

ಬೀಡಿ ಸೇದುತ್ತಿದ್ದ ಇಬ್ಬರೂ ಮರಿಸಿದ್ದಪ್ಪನ ಫೌಂಡ್ರಿಯವರೇ ಅಂತ ನನಗೆ ಆಮೇಲೆ ಗೊತ್ತಾಯಿತು. ನಾನು ಮನೆ ಸೇರುವ ಮುಂಚೆ ಸುದ್ದಿ ಫೌಂಡ್ರಿ ಸೇರಿತ್ತು.

ಮರಿಸಿದ್ದಪ್ಪ ಸಂಜೆ ಏದುಸಿರು ಬಿಡುತ್ತಾ ಬಂದ. ಜಗಲಿಯ ಮೇಲೆ ಕೂತು ನನ್ನ ಹೊಟ್ಟೆಯನ್ನೇ ನೋಡಿದ. "ಮೌಳಿ, ನಿಜ ಹೇಳು. ನನ್ನ ಫೌಂಡ್ರಿಯಲ್ಲಿ ನನಗೇ ಗೊತ್ತಿಲ್ಲದ ಹಾಗೆ ಲಾಭ ಎಲ್ಲಾದರೂ ಅವಿತುಕೊಂಡಿದೆಯೇನೋ?"

"ನಾನೂ ಅದನ್ನೇ ಹುಡುಕ್ತಿದ್ದೀನಿ ಮಾರಾಯ."

"ಬೇರೆ ಯಾರದಾದ್ರೂ ಲೆಕ್ಕ ಬರೀತಿದ್ದೀಯಾ?"

"ನಿನ್ನಾಣೆಗೂ ಇಲ್ಲ. ನಿನ್ನೊಬ್ಬನದೇ."

"ಹಾಗಾದ್ರೆ ಇದು ನಂದೇ!" ಅಂದ ಅವನು. ಪಾಪ, ಅರೆಗಳಿಗೆ ಅವನ ಮುಖದಲ್ಲಿ ಹಬ್ಬವೇ ಬಂತು. ಇಬ್ಬರೂ ಕೂತು ಎಲ್ಲವನ್ನೂ ಮೊದಲಿಂದ ಕೂಡಿ ಕಳೆದೆವು. ನಷ್ಟ. ಇನ್ನೊಂದು ಸಲ ನೋಡಿದೆವು. ಮೊದಲಿಗಿಂತ ಸ್ವಲ್ಪ ಜಾಸ್ತಿ ನಷ್ಟ. ಅವನ ಮುಖದ ಹಬ್ಬ ಇಳಿಯಿತು. "ನಾಡಿದ್ದು ದಾರ ಹಿಡಿಯೋ ದಿನ," ಅಂದ. "ನನ್ನ ಜನಕ್ಕೆ ಬೋನಸ್ ಇಲ್ಲ ಅಂತ ಹೇಳಿದ್ದೀನಿ. ನೀನು ಈ ಹೊಟ್ಟೆ ಹೊತ್ಕೊಂಡು ಬಂದ್ರೆ ನಾನು ಅವರ ಮುಂದೆ ಸುಳ್ಳ ಆಗ್ತೀನಿ. ಇಪ್ಪತ್ತು ವರ್ಷ ಜೊತೇಲಿ ಗಂಜಿ ಕುಡಿದ ಜನ ಕಣೋ. ಹಾಗೇನಾದ್ರೂ ಆದ್ರೆ ಒಲೆ ಆರಿಸಿ ಬೀಗ ಹಾಕ್ತೀನಿ, ನಿನ್ನ ಮುಖನೂ ನೋಡಲ್ಲ."

ದಾರ ಹಿಡಿಯುವುದು ನಮ್ಮೂರ ಪದ್ಧತಿ. ಪ್ರತಿ ಫೌಂಡ್ರಿಯಲ್ಲೂ ದೇವರ ಪಟದ ಮೊಳೆಗೆ ಒಂದು ದಾರ ನೇತುಹಾಕಿರುತ್ತಾರೆ. ಆಯುಧಪೂಜೆಯ ಹಿಂದಿನ ದಿನ ಲೆಕ್ಕದವನು ಅಂಗಳದಲ್ಲಿ ಅಂಗಿ ಬಿಚ್ಚಿ ನಿಲ್ಲಬೇಕು. ಕೆಲಸಗಾರರಲ್ಲಿ ಹಿರಿಯರು ಆ ದಾರವನ್ನು ಅವನ ಹೊಟ್ಟೆಗೆ ಸುತ್ತುತ್ತಾರೆ. ಹೋದ ವರ್ಷ ಹಾಕಿದ ಗಂಟನ್ನು ದಾಟಿದರೆ ಬೋನಸ್. ದಾಟದಿದ್ದರೆ ಮಂಡಕ್ಕಿ, ಕಡಲೆ, ನಮಸ್ಕಾರ. ಕಾಗದದ ಮಾತು ಕೆಲಸಗಾರರು ಕೇಳುವುದಿಲ್ಲ, ದಾರದ ಮಾತು ಮಾಲೀಕರು ಮೀರುವುದಿಲ್ಲ.

ಮರಿಸಿದ್ದಪ್ಪ ಹೋದ ಮೇಲೆ ನನ್ನ ಹೆಂಡತಿ ವಿಶಾಲು ಕಾಫಿ ತಂದಿಟ್ಟು ಪಕ್ಕದಲ್ಲೇ ಕೂತಳು. "ರೀ, ಪಕ್ಕದ ಮನೆ ಹುಡುಗಿಗೆ ಶಾಲೇಲಿ ಇವತ್ತೂ ಒಂದು ಲೆಕ್ಕ ಕೊಟ್ಟಿದ್ದಾರಂತೆ. ಬಿಡಿಸಿಕೊಡಿ."

ಇದು ಕೆಲವು ತಿಂಗಳಿಂದ ನಡೆದುಬಂದಿದ್ದ ಸಂಜೆಯ ರೂಢಿ. ಅವಳು ಹೇಳುವುದು, ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಬಿಡಿಸುವುದು. ಊರಲ್ಲಿ ಯಾರಿಗೂ ಬೇಡವಾದ ಬುದ್ಧಿಯನ್ನು ಒಂದು ಮಗುವಾದರೂ ಕೇಳುತ್ತಿದೆಯಲ್ಲ ಅಂತ ನನಗೂ ಸಮಾಧಾನ.

"ಮತ್ತೆ ಅದೇ ಹೆಂಗಸೇನು?" ಅಂದೆ.

"ಅದೇ ಹೆಂಗಸು. ಹಳೇ ಹವಾಯಿ ಚಪ್ಪಲಿ ತೂಕಕ್ಕೆ ಕೊಂಡು, ಗುಂಡಗೆ ಕತ್ತರಿಸಿ, ಡಜನ್ ಲೆಕ್ಕದಲ್ಲಿ ಮಾರ್ತಾಳೆ. ಈ ತಿಂಗಳು ಕತ್ತರಿಸೋಕೆ ಇನ್ನೂ ಇಬ್ಬರು ಹೆಂಗಸರನ್ನ ಇಟ್ಕೊಂಡಿದ್ದಾಳೆ. ಅವರ ಕೂಲಿ ಕಳೆದು ಅವಳಿಗೆ ಎಷ್ಟು ಉಳೀತು?"

"ಈ ಪಠ್ಯಪುಸ್ತಕ ಬರೆದವರಿಗೆ ತಲೆ ಇಲ್ಲ," ಅಂದೆ ನಾನು, ಪೆನ್ಸಿಲು ಚೂಪು ಮಾಡುತ್ತಾ. "ಚಪ್ಪಲೀನ ಗುಂಡಗೆ ಕತ್ತರಿಸಿದರೆ ಯಾವ ಕಾಲಿಗೆ ಹಾಕ್ಕೋತಾರೆ? ನಮ್ಮ ಕಾಲದಲ್ಲಿ ನೋಡು, ಒಬ್ಬ ವ್ಯಾಪಾರಿ ಹತ್ತು ಕುದುರೆ ಕೊಂಡ ಅಂತ ಕೊಡ್ತಿದ್ರು. ಅದು ಲೆಕ್ಕ. ಅಂದಹಾಗೆ ಈ ಹೆಂಗಸಿಗೆ ಗಂಡ ಅನ್ನೋನು ಇಲ್ಲವೇನು? ಕೊಳ್ಳೋದೂ ಅವಳೇ, ಮಾರೋದೂ ಅವಳೇ."

"ಇದ್ದಾನೆ," ಅಂದಳು ವಿಶಾಲು. "ಲೆಕ್ಕದಲ್ಲಿ ಬರಲ್ಲ, ಅಷ್ಟೆ."

ಬಿಡಿಸಿಕೊಟ್ಟೆ. ಒಳ್ಳೆಯ ಲಾಭವೇ ಬಂತು. ಆ ಹೆಂಗಸು ಇನ್ನೂ ಸ್ವಲ್ಪ ಬೆಳೆದರೆ ತೆರಿಗೆ ಕಟ್ಟಬೇಕಾಗುತ್ತದೆ, ಆಗ ಏನು ಮಾಡಬೇಕು ಅಂತ ಕೇಳದೇ ಇದ್ದರೂ ಉಪದೇಶ ಕೊಟ್ಟೆ. ವಿಶಾಲು ಗಂಭೀರವಾಗಿ ಕೇಳಿಸಿಕೊಂಡಳು. ಎದ್ದು ನಿಂತಾಗ ಪಂಚೆಯ ಗಂಟು ಒತ್ತುತ್ತಿತ್ತು. ಮರಿಸಿದ್ದಪ್ಪನ ಅವಿತ ಲಾಭ ಇವತ್ತೂ ಬೆಳೆಯಿತಲ್ಲ ಅಂತ ಬೆವತೆ. ಹೇಗಿದೆ ನೋಡಿ ನನ್ನ ಜಾಣತನ.

ದಾರದ ದಿನ ಬೆಳಗ್ಗೆ ವಿಶಾಲು ಮನೆಯಲ್ಲಿರಲಿಲ್ಲ. ನಾನು ಒಂದು ಉಪಾಯ ಮಾಡಿಕೊಂಡಿದ್ದೆ. ಅವಳ ಟ್ರಂಕಿನಿಂದ ಗಟ್ಟಿಯಾದ ಸೀರೆಯೊಂದನ್ನು ತೆಗೆದು ಹೊಟ್ಟೆಗೆ ಬಿಗಿದು, ಮೇಲೆ ಬನಿಯನ್ ಹಾಕಿಕೊಳ್ಳುವುದು. ಅಂಗಿ ಬಿಚ್ಚು ಅಂತ ಪದ್ಧತಿ ಹೇಳುತ್ತದೆ, ಬನಿಯನ್ ಬಿಚ್ಚು ಅಂತ ಹೇಳುವುದಿಲ್ಲ. ಇದು ತೆರಿಗೆ ಸಲಹೆಗಾರನ ತಲೆ. ಗಟ್ಟಿ ಸೀರೆ ಅಂದರೆ ಮದುವೆಯದೇ. ಅದನ್ನು ಎಳೆದಾಗ ಟ್ರಂಕಿನ ತಳದಲ್ಲಿ ರಬ್ಬರಿನ ವಾಷರ್‌ಗಳ ರಾಶಿ ಕಂಡಿತು. ನಲ್ಲಿಯ ಬಾಯಿ ಸೋರದ ಹಾಗೆ ಒಳಗೆ ಹಾಕುವ ಗುಂಡನೆಯ ವಾಷರ್. ನೀಲಿ, ಬಿಳಿ, ಹಸಿರು. ಏನೇನೋ ಕೂಡಿಡುತ್ತಾಳಲ್ಲ ಇವಳು, ಹೆಂಗಸರ ಬುದ್ಧಿ ಅಂದುಕೊಂಡು ಟ್ರಂಕು ಮುಚ್ಚಿದೆ. ಹೌದು, ಮುಚ್ಚಿದೆ. ನಲ್ಲಿ ವ್ಯಾಪಾರದ ಲೆಕ್ಕ ಬರೆದೇ ಹೊಟ್ಟೆ ಹೊರೆದವನು ನಾನು.

ಫೌಂಡ್ರಿಯ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ಮರಳಿನಲ್ಲಿ ಅಚ್ಚು ಹಾಕುವ ದೇವೀರಮ್ಮ ಅಲ್ಲಿ ಎಲ್ಲರಿಗಿಂತ ಹಿರಿಯಳು. ದಾರ ಅವಳ ಕೈಯಲ್ಲಿತ್ತು. ಮರಿಸಿದ್ದಪ್ಪ ಕಂಬಕ್ಕೆ ಒರಗಿ ನಿಂತಿದ್ದ. ನಾನು ಅಂಗಿ ಬಿಚ್ಚಿದೆ. ಉಸಿರಾಡಲು ಆಗುತ್ತಿರಲಿಲ್ಲ; ಆದರೂ ನಗುವಂತೆ ಬಾಯಿ ಮಾಡಿಕೊಂಡು ನಿಂತೆ.

ದೇವೀರಮ್ಮ ದಾರ ಸುತ್ತಿದಳು. ಹೋದ ವರ್ಷದ ಗಂಟಿಗೆ ಸರಿಯಾಗಿ ಕೂತಿತು. ಮರಿಸಿದ್ದಪ್ಪ ಉಸಿರುಬಿಟ್ಟ. ದೇವೀರಮ್ಮ ಮಾತ್ರ ಕೈ ತೆಗೆಯಲಿಲ್ಲ. ಬೆರಳಲ್ಲಿ ಅಲ್ಲಿ ಇಲ್ಲಿ ಒತ್ತಿ ನೋಡಿದಳು. ಬಗ್ಗಿದಳು.

"ಸ್ವಾಮಿ," ಅಂದಳು, "ನಿಮ್ಮ ಹೊಟ್ಟೆಗೆ ಜರಿ ಅಂಚು ಯಾವಾಗ ಬಂತು?"

ಬನಿಯನ್ನಿನ ಕೆಳಗೆ ಸೀರೆಯ ಅಂಚು ಇಣುಕುತ್ತಿತ್ತು. ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ದೇವೀರಮ್ಮ ಆ ತುದಿ ಹಿಡಿದು ಎಳೆದಳು. ನಾನು ಬುಗುರಿಯಂತೆ ಒಂದು ಸುತ್ತು ತಿರುಗಿದೆ. ಹೊಟ್ಟೆ ಭಪ್ಪೆಂದು ಹೊರಬಿತ್ತು. ನಗು ನಿಂತಿತು.

"ಇದೇನು ಮಾಲೀಕರೇ?" ಅಂದಳು ದೇವೀರಮ್ಮ, ನನ್ನನ್ನಲ್ಲ, ಮರಿಸಿದ್ದಪ್ಪನನ್ನು. "ನಮಗೆ ನಷ್ಟ ಅಂದ್ರಿ. ನಾವು ಅರ್ಧ ಕೂಲಿಗೆ ಹ್ಞೂಂ ಅಂದ್ವಿ. ಇವರ ಹೊಟ್ಟೆಗೆ ಸೀರೆ ಕಟ್ಟಿಸಿ ಕಳಿಸೋ ಅಷ್ಟು ಲಾಭ ಎಲ್ಲಿಟ್ಟಿದ್ದೀರಿ?"

"ಈ ಒಲೆ ಮುಟ್ಟಿ ಹೇಳ್ತೀನಿ ದೇವೀರಮ್ಮ, ನನಗೆ ಗೊತ್ತಿಲ್ಲ," ಅಂದ ಮರಿಸಿದ್ದಪ್ಪ. ಕಂಬ ಬಿಟ್ಟು ಬಂದು ಒಲೆಯ ಕಟ್ಟೆಯ ಮೇಲೆ ಅಂಗೈ ಊರಿದ. "ನಾನು ಕಟ್ಟಿಸಲಿಲ್ಲ. ಆ ಸೀರೆ ಯಾರದೋ ನನಗೆ ಗೊತ್ತಿಲ್ಲ."

"ಹಾಗಾದ್ರೆ ಸ್ವಾಮಿಗಳೇ ಹೇಳಲಿ. ಯಾರ ಲಾಭ ಇದು?"

ನಾನು ತಲೆ ತಗ್ಗಿಸಿದೆ. ತಗ್ಗಿಸಿದಾಗ ಕಂಡಿದ್ದು ಕಾಲುಗಳು. ಎಲ್ಲರ ಕಾಲಲ್ಲೂ ಹೊಸ ಹವಾಯಿ ಚಪ್ಪಲಿ. ಅರ್ಧ ಕೂಲಿಯ ಕಾಲದಲ್ಲಿ ಹೊಸ ಚಪ್ಪಲಿ! ಹಾಗಾದರೆ ಹಳೆಯ ಚಪ್ಪಲಿಯನ್ನು ಯಾರೋ ಒಳ್ಳೆಯ ಬೆಲೆಗೆ ಕೊಂಡಿರಬೇಕು. ನೀಲಿ, ಬಿಳಿ, ಹಸಿರು. ಗುಂಡಗೆ ಕತ್ತರಿಸಿ, ಡಜನ್ ಲೆಕ್ಕದಲ್ಲಿ. ಹೊಸ ನಲ್ಲಿ ಕೊಳ್ಳುವವರಿಲ್ಲ ಅಂದಮೇಲೆ ಹಳೆಯ ನಲ್ಲಿಗೆ ವಾಷರ್ ಹಾಕಿಸದೆ ಜನ ಇನ್ನೇನು ಮಾಡುತ್ತಾರೆ? ನಮ್ಮ ಮನೆಯ ಅಡುಗೆಮನೆ ನಲ್ಲಿ ಎಷ್ಟೋ ದಿನದಿಂದ ಸೋರುತ್ತಿಲ್ಲವಲ್ಲ, ಯಾರು ರಿಪೇರಿ ಮಾಡಿದರು?

ಗೊತ್ತಾದ ಕೂಡಲೇ ಹೇಳಿಬಿಟ್ಟೆ ಅಂತ ನಿಮ್ಮ ಹತ್ತಿರ ಕೊಚ್ಚಿಕೊಳ್ಳಬಹುದು. ಹೇಳಲಿಲ್ಲ. ನಾಳೆ ಸಂಘದಲ್ಲಿ ನಾಗಭೂಷಣಯ್ಯನವರು, "ಏನು ಮೌಳಿ, ಹೆಂಡತಿ ಚಪ್ಪಲಿ ಕತ್ತರಿಸ್ತಾರೆ, ನೀವು ಊದ್ತೀರಂತೆ?" ಅಂತ ಕೇಳುವುದು ಕಿವಿಯಲ್ಲಿ ಕೇಳಿಸಿತು. ಸುಮ್ಮನಿದ್ದರೆ ಮರಿಸಿದ್ದಪ್ಪ ಸುಳ್ಳ ಆಗುತ್ತಾನೆ, ಆಗಲಿ, ಮಾಲೀಕರಿಗೆ ಇದೆಲ್ಲ ಇದ್ದದ್ದೇ ಅಂತಲೂ ಅನ್ನಿಸಿತು. ಅಷ್ಟರಲ್ಲಿ ಅವನನ್ನು ನೋಡಿದೆ. ಅವನು ಒಲೆಯ ಕಟ್ಟೆಯ ಮೇಲೆ ಇಟ್ಟ ಕೈಯನ್ನು ಇನ್ನೂ ತೆಗೆದಿರಲಿಲ್ಲ. ಬೆಳಗಿನಿಂದ ಉರಿದ ಒಲೆ ಅದು.

"ನನ್ನ ಹೆಂಡತಿದು," ಅಂದೆ.

"ಸೀರೆನಾ?"

"ಸೀರೆನೂ. ಹೊಟ್ಟೆನೂ."

ಅಂಗಳವೆಲ್ಲ ನಗು. ದೇವೀರಮ್ಮ ಸೊಂಟಕ್ಕೆ ಕೈಯಿಟ್ಟು ನಕ್ಕಳು. "ವಿಶಾಲಮ್ಮನ ವಾಷರ್ ವ್ಯಾಪಾರ ಯಾರಿಗೆ ಗೊತ್ತಿಲ್ಲ ಸ್ವಾಮಿ? ನಮ್ಮ ಸೊಸೆನೇ ಕತ್ತರಿಸೋಕೆ ಹೋಗ್ತಾಳೆ. ಆದ್ರೆ ಆಯಮ್ಮನ ಲೆಕ್ಕ ನೀವು ಎಲ್ಲಿ ಬರೀತೀರಿ? ಆಯಮ್ಮ ಬಾಯಲ್ಲೇ ಲೆಕ್ಕ ಹಾಕ್ತಾಳೆ. ಕಣ್ಣು ಮಿಟುಕಿಸೋದರಲ್ಲಿ ಕೂಲಿ ಎಣಿಸಿ ಕೊಡ್ತಾಳೆ. ಮಾಲೀಕರನ್ನ ಉಳಿಸೋಕೆ ಕತೆ ಕಟ್ಟಬೇಡಿ."

"ಕತೆ ಅಲ್ಲ ದೇವೀರಮ್ಮ," ಅಂತ ಗೇಟಿನ ಹತ್ತಿರದಿಂದ ದನಿ ಬಂತು.

ವಿಶಾಲು ನಿಂತಿದ್ದಳು, ಕಂಕುಳಲ್ಲಿ ಚಪ್ಪಲಿ ತುಂಬಿದ ಗೋಣಿಚೀಲ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ತನ್ನ ಮದುವೆ ಸೀರೆ ಫೌಂಡ್ರಿಯ ಮಸಿಯಲ್ಲಿ ಬಿದ್ದಿರುವುದನ್ನು ಒಂದು ಸಲ ನೋಡಿದಳು, ನನ್ನನ್ನು ಒಂದು ಸಲ ನೋಡಿದಳು. ಚೀಲ ಕೆಳಗಿಟ್ಟು ನೇರ ಬಂದು ನನ್ನ ಮುಂದೆ ಕೈ ಚಾಚಿದಳು.

"ನನ್ನ ಲೆಕ್ಕ ನನಗೆ ಬಂತು."

ಅಷ್ಟೆ. ಅಷ್ಟು ಜನರ ಕಣ್ಣೆದುರು ನನ್ನ ಹೊಟ್ಟೆ ಹಾಲು ಉಕ್ಕಿ ಇಳಿದ ಹಾಗೆ ಇಳಿಯಿತು. ಹೋದ ವರ್ಷದ ಗಂಟನ್ನು ಹಿಂದೆ ಹಾಕಿ ಇನ್ನೂ ಇಳಿಯಿತು. ನಾನು ಎರಡೂ ಕೈಯಲ್ಲಿ ಪಂಚೆ ಹಿಡಿದುಕೊಂಡೆ. ದೇವೀರಮ್ಮ ದಾರ ಸುತ್ತಿದಳು. ಒಂದು ಗೇಣು ದಾರ ಮಿಕ್ಕು ಅವಳ ಕೈಯಲ್ಲಿ ಜೋತುಬಿತ್ತು. ಅವಳು ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಹೊಸ ಗಂಟು ಹಾಕಿದಳು. ಯಾರೂ ನಗಲಿಲ್ಲ.

"ತಪ್ಪಾಯ್ತು ಮಾಲೀಕರೇ," ಅಂದಳು. "ನಷ್ಟ ಅಂದ್ರೆ ನಷ್ಟನೇ. ಕೈ ತೆಗೀರಿ ಮೊದಲು, ಬೊಬ್ಬೆ ಬರ್ತದೆ."

ಮಂಡಕ್ಕಿ ಹಂಚಿದರು. ಯಾರಿಗೂ ನುಂಗಲು ಮನಸ್ಸಿರಲಿಲ್ಲ. ಮರಿಸಿದ್ದಪ್ಪ ಕೈಗೆ ಒದ್ದೆಬಟ್ಟೆ ಸುತ್ತಿಕೊಂಡು ವಿಶಾಲುವಿನ ಚೀಲವನ್ನೇ ನೋಡುತ್ತಿದ್ದ. "ತಂಗೀ, ಇದನ್ನ ಕತ್ತರೀಲಿ ಕತ್ತರಿಸ್ತೀರಾ? ಹಿಂದಿನ ಶೆಡ್ಡಿನಲ್ಲಿ ನಂದೊಂದು ಪಂಚಿಂಗ್ ಮೆಷಿನ್ ತುಕ್ಕು ಹಿಡೀತಿದೆ. ಒಂದು ಏಟಿಗೆ ಹತ್ತು ಬೀಳ್ತವೆ."

"ಬಾಡಿಗೆಗೆ ಕೊಟ್ರೆ ತಗೋತೀನಿ ಅಣ್ಣ," ಅಂದಳು ಅವಳು, ಆ ಪ್ರಶ್ನೆಗೇ ಕಾದಿದ್ದವಳ ಹಾಗೆ. "ಆದ್ರೆ ಅದರ ಮೇಲೆ ಕೆಲಸ ಮಾಡೋರು ನಿಮ್ಮ ಜನಾನೇ ಇರಬೇಕು. ಒಲೆ ಹಚ್ಚದ ದಿನ ಬರಲಿ. ಕೂಲಿ ನಾನು ಕೊಡ್ತೀನಿ, ಪೂರ್ತಿ."

"ಬಾಡಿಗೆ ಬಾಬ್ತಿನಲ್ಲಿ ಒಂದು ಕರಾರು ಮಾಡಿಕೊಳ್ಳೋದು ಒಳ್ಳೇದು," ಅಂತ ನಾನು ಬಾಯಿ ಹಾಕಿದೆ. ಇಬ್ಬರೂ ನನ್ನತ್ತ ತಿರುಗಿ ಸಹ ನೋಡಲಿಲ್ಲ. ಪಂಚೆ ಇನ್ನೂ ಕೈಯಲ್ಲೇ ಇತ್ತು.

ಸಂಜೆ ಬಡಕಲು ಕಾಲದ ಹಳೆಯ ಅಂಗಿಯನ್ನು ಹುಡುಕಿ ಹಾಕಿಕೊಂಡೆ. ಬುಡನ್ ಸಾಬ್ರು ಮೂರು ಸಲ ಒಳಕ್ಕೆ ಹಿಡಿದಿದ್ದ ಅಂಗಿ, ಮೈಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ವಿಶಾಲು ಅಡುಗೆಮನೆಯಲ್ಲಿ ಸೀರೆಯ ಮಸಿಯನ್ನು ಸೀಗೆಪುಡಿ ಹಾಕಿ ಉಜ್ಜುತ್ತಿದ್ದಳು. ನಾನು ಹೊಸಿಲ ಮೇಲೆ ಕೂತೆ.

"ನಿನಗೆ ಬಾಯಲ್ಲೇ ಲೆಕ್ಕ ಬರುತ್ತಂತೆ."

"ಬರುತ್ತೆ."

"ಮತ್ತೆ ಪಕ್ಕದ ಮನೆ ಹುಡುಗಿ, ಶಾಲೆ ಅಂತೆಲ್ಲ ನನ್ನ ಕೈಲಿ ಯಾಕೆ ಬರೆಸಿದೆ?"

ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಬೇಸಿಗೇಲಿ ಒಂದು ದಿನ ನೀವು ಸ್ನಾನ ಮಾಡಿ ಬಂದು ಬಟ್ಟೆ ಹಾಕ್ಕೋತಿದ್ರಿ. ಬೆನ್ನು ನೋಡಿದೆ. ಅಷ್ಟೊಂದು ಮೂಳೆ ಅಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ."

ನಾನು ಅಂಗಿಯ ಕಾಲರನ್ನು ಮೇಲಕ್ಕೆಳೆದುಕೊಂಡೆ. "ನೇರವಾಗಿ ಹೇಳಬಹುದಿತ್ತಲ್ಲೇ," ಅಂದೆ.

"ಹೇಳಿದ್ರೆ ನೀವು ಸಲಹೆ ಕೊಡ್ತಿದ್ರಿ."

ನಲ್ಲಿ ತಿರುಗಿಸಿ ಸೀರೆ ಜಾಲಿಸಿ ಹಿಂಡಿದಳು. ನಲ್ಲಿ ಮುಚ್ಚಿದಳು, ಒಂದು ಹನಿಯೂ ತೊಟ್ಟಿಕ್ಕಲಿಲ್ಲ. ಕೈ ಒರೆಸಿಕೊಂಡು ನನ್ನ ಪಕ್ಕದಲ್ಲಿ ಹೊಸಿಲ ಮೇಲೆ ಕೂತಳು. "ದೇವೀರಮ್ಮನ ಹತ್ತಿರ ಮಾತಾಡಿ ಬಂದಿದ್ದೀನಿ. ಇನ್ಮೇಲೆ ಪ್ರತಿ ವರ್ಷ ದಾರದ ದಿನ ಬೆಳಗ್ಗೆ ನಾನೇ ಅಲ್ಲಿಗೆ ಬಂದು, ಎಲ್ಲರೆದುರಿಗೆ ನನ್ನದನ್ನ ವಾಪಸ್ ತಗೋಬೇಕಂತೆ. ಮಿಕ್ಕ ದಿನ ಅವರದೇನೂ ಅಭ್ಯಂತರ ಇಲ್ಲ."

"ಮಿಕ್ಕ ದಿನ ಅಂದ್ರೆ?"

"ರೀ, ಪಕ್ಕದ ಮನೆ ಹುಡುಗಿಗೆ ಇವತ್ತೂ ಒಂದು ಲೆಕ್ಕ ಕೊಟ್ಟಿದ್ದಾರಂತೆ."

ನಾನು ಎದ್ದು ಕ್ಯಾಲೆಂಡರಿನ ಹಾಳೆ, ಪೆನ್ಸಿಲು ತಂದೆ. "ಅದೇ ಹೆಂಗಸೇನು?"

"ಅದೇ ಹೆಂಗಸು. ಈಗ ಒಂದು ಮೆಷಿನ್ ಬಾಡಿಗೆಗೆ ಹಿಡಿದಿದ್ದಾಳೆ."

"ಗಂಡ?"

"ಮೊದಲು ಬರಕೊಳ್ಳಿ."

ಬಾಡಿಗೆ ಬರೆದೆ, ಕೂಲಿ ಬರೆದೆ, ಚಪ್ಪಲಿಯ ತೂಕ ಬರೆದೆ. ಕೂಡಿ ಕಳೆದು ಉಳಿದದ್ದರ ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ, ಅಂಗಿಯ ನಡುವಿನ ಗುಂಡಿ ಪಟ್ಟನೆ ಕಿತ್ತು ಹಾರಿ ನಲ್ಲಿಗೆ ಬಡಿದು ಟಣ್ ಎಂದಿತು.